ಹಳೇ ಜೀಪಿನ ಸ್ಟೇರಿಂಗ್ ಬಾಕ್ಸ್: ಬರೀ ಸ್ಕ್ರೂನಾ, ಶಿಮ್ಮಾ, ಹೊಸ ಬಾಕ್ಸಾ?

ಹಳೇ ಜೀಪಿನ ಸ್ಟೇರಿಂಗ್ ಸಡಿಲಾಗಿ ಖಾಲಿ ತಿರುಗುತ್ತಿದ್ದರೆ, ಸ್ಟೇರಿಂಗ್ ತಿರುಗಿದ್ದನ್ನು ಚಕ್ರಕ್ಕೆ ದಾಟಿಸುವ ಬಾಕ್ಸಿಗೆ ಏನು ಮಾಡುವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಶಿಮ್‌ಗೆ. ಹಳೇ ಬಾಕ್ಸ್ ಗಾಡಿಯಲ್ಲೇ ಇರಲಿ. ಮೇಲಿನ ಮುಚ್ಚಳದ ಕೆಳಗಿರುವ ಶಿಮ್ ಅನ್ನುವ ತೆಳು ತಗಡು ಒಂದೋ ಎರಡೋ ತೆಗೆಯಿರಿ, ಆಮೇಲೆ ಪಕ್ಕದ ಸ್ಕ್ರೂ ಬಿಗಿ ಮಾಡಿ. ಹೊಸ ಬಾಕ್ಸಿಗೆ ಒಳ್ಳೇ ದುಡ್ಡು ಸುರಿದ ಮೇಲೆ ಬರೆಯುತ್ತಿದ್ದೇನೆ, ಮಾತಿನಲ್ಲಿ ಸ್ವಲ್ಪ ಖಾರ ಇದ್ದರೆ ಇರಲಿ.

ಗಾಡಿ ಮಹೀಂದ್ರ ಸಿಜೆ-3ಬಿ, ಎತ್ತರದ ಬಾನೆಟ್ಟಿನ ಪೆಟ್ರೋಲ್ ಜೀಪು. ಅಮೆರಿಕದಲ್ಲಿ 1968ರಲ್ಲೇ ನಿಂತುಹೋದ ವಿಲ್ಲಿಸ್ ಮಾಡೆಲ್ ಇದು. ನಮ್ಮಲ್ಲಿ ಅದಾದ ಮೇಲೂ ತಯಾರಾಗುತ್ತಿತ್ತು, ಹಾಗಾಗಿ ಸಾಮಾನಿಗೆ ಬರವಿಲ್ಲ. ಕಲಬುರಗಿಯಿಂದ ಕಮಲಾಪುರದ ಕಡೆ ಇರುವ ಹೊಲಕ್ಕೆ ಹೋಗಿ ಬರುವುದೇ ಇದರ ಕೆಲಸ. ಹುಮನಾಬಾದ್ ರಸ್ತೆಯಲ್ಲಿ ಎದುರಿನಿಂದ ಲಾರಿ ಹಾದು ಹೋದರೆ ಗಾಡಿ ಒಂದು ಕಡೆ ವಾಲುತ್ತಿತ್ತು. ಎರೆ ಹೊಲದ ದಾರಿಯಲ್ಲಿ ಒಣಗಿದ ಗಾಲಿ ಜಾಡಿಗೆ ಸಿಕ್ಕರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಚಕ್ರ ಅಲುಗುವ ಮುಂಚೆ ಸ್ಟೇರಿಂಗ್ ಒಂದು ಅಂಗೈ ಅಗಲದಷ್ಟು ಖಾಲಿ ತಿರುಗುತ್ತಿತ್ತು ಅಂದರೆ ನೀವೇ ಲೆಕ್ಕ ಹಾಕಿ. ಈ ಸಡಿಲಿಗೇ ಪ್ಲೇ ಅನ್ನುವುದು.

ಅಂಬಾಸಿಡರ್ ಇಟ್ಟುಕೊಂಡವರು ಈ ಗೋಳಿನಿಂದ ಬಚಾವ್. ಅದರದು ರ‍್ಯಾಕ್ ಅಂಡ್ ಪಿನಿಯನ್, ಅಂದರೆ ಹಲ್ಲಿನ ಗಾಲಿ ಹಲ್ಲಿನ ಪಟ್ಟಿಯನ್ನು ಸರಿಸುವ ಬಗೆ, ಇಂಥ ಬಾಕ್ಸೇ ಇಲ್ಲ.

ಜೀಪಿನದು ರಾಸ್ ಕಂಪನಿಯ ಕ್ಯಾಮ್-ಲಿವರ್ ಬಾಕ್ಸ್. ಸ್ಟೇರಿಂಗ್ ರಾಡಿನ ಕೆಳತುದಿಯಲ್ಲಿ ಸುರುಳಿ ಗ್ರೂವ್ (ಕಾಲುವೆಯಂತೆ ಕೊರೆದ ಜಾಗ) ಇರುವ ಕ್ಯಾಮ್ ಇದೆ. ಆ ಗ್ರೂವಿನಲ್ಲಿ ಲಿವರ್‌ನ ಎರಡು ಚೂಪು ಪಿನ್ನುಗಳು ಕೂತಿರುತ್ತವೆ. ರಾಡು ತಿರುಗಿದರೆ ಪಿನ್ನು ಸರಿಯುತ್ತದೆ, ಲಿವರ್ ಶಾಫ್ಟ್ ತಿರುಗುತ್ತದೆ, ಚಕ್ರಗಳನ್ನು ರಾಡುಗಳ ಮೂಲಕ ತಿರುಗಿಸುವ ಹೊರಗಿನ ಡ್ರಾಪ್ ಆರ್ಮ್ ಅಲುಗುತ್ತದೆ. ನೆನಪಿಡಬೇಕಾದ ವಿಷಯ ಒಂದೇ: ಚಕ್ರ ನೇರ ಇರುವಾಗ ಪಿನ್ನು ಕೂರುವ ಜಾಗದಲ್ಲಿ ಗ್ರೂವನ್ನು ಬೇಕಂತಲೇ ಇಕ್ಕಟ್ಟಾಗಿ ಕೊರೆದಿದ್ದಾರೆ. ನೇರ ಓಡುವಾಗ ಪ್ಲೇ ಇರಬಾರದು, ತಿರುವಿನಲ್ಲಿ ಸ್ವಲ್ಪ ಇದ್ದರೆ ನಡೆಯುತ್ತದೆ. ಮುಂದೆ ಹೇಳುವ ಜಗಳವೆಲ್ಲ ಈ ನಡುವಿನ ಜಾಗದ ಸುತ್ತಲೇ.

ಯಾವ ದಾರಿ ಹಿಡಿದರೂ ಮೊದಲು ತಪ್ಪು ಬಾಕ್ಸಿನದೇನಾ ಅಂತ ನೋಡಿ. ಒಬ್ಬರು ಸ್ಟೇರಿಂಗ್ ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ಕೈಯಿಟ್ಟು ನೋಡಲಿ. ಬಾಕ್ಸಿನಿಂದ ಚಕ್ರದವರೆಗಿನ ಜೋಡಣೆಗಳಾದ ಟೈ ರಾಡ್ ಎಂಡ್, ನಡುವಿನ ಬೆಲ್ ಕ್ರ್ಯಾಂಕ್, ಕಿಂಗ್ ಪಿನ್ ಬೇರಿಂಗ್ ಎಲ್ಲದರಲ್ಲೂ ಪ್ಲೇ ಬರುತ್ತದೆ. ಚಾಸಿಗೆ ಬಾಕ್ಸ್ ಹಿಡಿದಿರುವ ಬೋಲ್ಟೇ ಸಡಿಲಾಗಿ ಇಡೀ ಬಾಕ್ಸ್ ಅಲುಗುವುದೂ ಉಂಟು. ನನ್ನ ಗಾಡಿಯಲ್ಲಿ ಬೆಲ್ ಕ್ರ್ಯಾಂಕ್ ಬುಷ್ ಹೋಗಿತ್ತು. ಅದನ್ನು ಹಾಕಿಸಿದ ಮೇಲೂ ಪ್ಲೇ ಅರ್ಧ ಉಳಿಯಿತು. ಆ ಅರ್ಧ ಬಾಕ್ಸಿನದು.

ಮೊದಲನೇ ದಾರಿ ಬರೀ ಸ್ಕ್ರೂ. ಬಾಕ್ಸಿನ ಪಕ್ಕದ ಮುಚ್ಚಳದಲ್ಲಿ ಚೆಕ್ ನಟ್ ಇರುವ ಒಂದು ಸ್ಕ್ರೂ ಇದೆ. ನಟ್ ಸಡಿಲಿಸಿ, ಸ್ಕ್ರೂ ಒಳಗೆ ತಿರುಗಿಸಿದರೆ ಪಿನ್ನು ಗ್ರೂವಿನೊಳಗೆ ಇನ್ನಷ್ಟು ಕೂರುತ್ತದೆ. ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ, ಖರ್ಚು ಮೆಕ್ಯಾನಿಕ್‌ನ ಕೈಗೆ ಕೊಟ್ಟಷ್ಟೇ. "ಫಸ್ಟ್ ಕ್ಲಾಸ್ ಟೈಟ್ ಮಾಡೀನಿ ನೋಡ್ರಿ ಅಣ್ಣಾರ" ಅಂತ ಹುಡುಗ ಕೈ ಒರೆಸಿಕೊಂಡ. ಟೈಟೇನೋ ಆಗಿತ್ತು. ಆದರೆ ಗಾಡಿ ಗ್ಯಾರೇಜಿನ ಮೂಲೆಯಲ್ಲಿ ಚಕ್ರ ಒಂದು ಕಡೆ ಪೂರ್ತಿ ತಿರುಗಿ ನಿಂತಿತ್ತು, ಅದೇ ಸ್ಥಿತಿಯಲ್ಲಿ ಸ್ಕ್ರೂ ಬಿಗಿ ಮಾಡಿದ್ದ. ಅಂದರೆ ಗ್ರೂವ್ ಅಗಲ ಇರುವ ಕಡೆ. ಚಕ್ರ ನೇರಕ್ಕೆ ಬಂದಾಗ ಪಿನ್ನು ಇಕ್ಕಟ್ಟಿಗೆ ಸಿಕ್ಕಿ ಹಿಡಿದುಕೊಂಡಿತು. ರಿಂಗ್ ರೋಡಿನಲ್ಲಿ ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ವಾಪಸ್ ಬರುತ್ತಿರಲಿಲ್ಲ, ಎಳೆದು ತರಬೇಕು. ಪ್ಲೇ ಇರುವ ಗಾಡಿಗಿಂತ ಇದು ಜಾಸ್ತಿ ಅಪಾಯ. ಸ್ಕ್ರೂ ಮುಟ್ಟುವುದಾದರೆ ಚಕ್ರ ನೇರ ಇಟ್ಟೇ ಮುಟ್ಟಿ.

ಸ್ಕ್ರೂಗೆ ಇನ್ನೊಂದು ಮಿತಿ ಇದೆ. ಸ್ಟೇರಿಂಗ್ ಹಿಡಿದು ನಿಮ್ಮ ಕಡೆ ಎಳೆಯಿರಿ, ಆಮೇಲೆ ಒತ್ತಿ. ರಾಡು ಮೇಲೆ ಕೆಳಗೆ ಆಡುತ್ತಿದ್ದರೆ ಅದು ಕ್ಯಾಮ್‌ನ ಬೇರಿಂಗ್ ಸಡಿಲ. ಪಕ್ಕದ ಸ್ಕ್ರೂ ಎಷ್ಟು ತಿರುಗಿಸಿದರೂ ಅದು ಹೋಗಲ್ಲ.

ಎರಡನೇ ದಾರಿ ಹೊಸ ಬಾಕ್ಸ್. ಹೈದರಾಬಾದಿನ ಒಂದು ಬಿಡಿಭಾಗದ ಅಂಗಡಿಯಿಂದ ತರಿಸಿದೆ, ಇಲ್ಲೇ ಊರಲ್ಲಿ ಹಾಕಿಸಿದೆ. ಪೇಂಟು ಹೊಳೆಯುತ್ತಿತ್ತು, ಕೈಯಲ್ಲಿ ಹಿಡಿದು ತಿರುಗಿಸಿದರೆ ಬೆಣ್ಣೆ. ರಸ್ತೆಗಿಳಿದರೆ ನೇರ ಓಡುವಾಗ ಮತ್ತೆ ಪ್ಲೇ! ಎಡಕ್ಕೆ ಸ್ವಲ್ಪ ತಿರುಗಿಸಿದರೆ ಅಲ್ಲಿ ಬಿಗಿ.

ಈ ತಲೆನೋವು ಬಿಡಿಸಿ ಹೇಳಲೇಬೇಕು, ಯಾಕಂದರೆ ಹೊಸ ಬಾಕ್ಸ್ ಹಾಕಿಸಿದವರಿಗೆಲ್ಲ ಇದು ಕಾದಿರುತ್ತದೆ. ಡ್ರಾಪ್ ಆರ್ಮ್ ಶಾಫ್ಟಿನ ಮೇಲೆ ಹಲ್ಲಿನ ಮೂಲಕ ಕೂರುತ್ತದೆ. ಒಂದು ಹಲ್ಲು ಆಚೀಚೆ ಕೂತರೂ ಚಕ್ರದ ನೇರ ಬೇರೆ, ಬಾಕ್ಸಿನ ನಡು ಬೇರೆ ಆಗಿಬಿಡುತ್ತದೆ. ಹಳೇ ಬಾಕ್ಸಿನಲ್ಲಿ ಶಾಫ್ಟ್ ಮೇಲೂ ಆರ್ಮ್ ಮೇಲೂ ಗುರುತು ಇತ್ತು, ಎರಡನ್ನೂ ಸೇರಿಸಿದರೆ ಸಾಕು. ಹೊಸದರಲ್ಲಿ ಗುರುತೇ ಇರಲಿಲ್ಲ. ಅಂದಾಜಿಗೆ ಕೂರಿಸಿದರು. ಓಡಿಸಿ ನೋಡಿದಾಗ ಸ್ಟೇರಿಂಗ್ ಚಕ್ರದ ಕಡ್ಡಿಗಳು ಓರೆ ನಿಂತಿದ್ದವು. ಸುಮ್ನೆ ಮೇಲಿನ ನಟ್ ಬಿಚ್ಚಿ, ಚಕ್ರ ಎತ್ತಿ, ನೆಟ್ಟಗೆ ಕೂರಿಸಿ ಕೊಟ್ಟುಬಿಟ್ಟರು! ಕಣ್ಣಿಗೆ ಎಲ್ಲಾ ಸರಿ. ಒಳಗೆ ಪಿನ್ನು ಮಾತ್ರ ಗ್ರೂವಿನ ಅಗಲ ಜಾಗದಲ್ಲೇ ಕೂತಿದೆ. ಹಾಗಾಗಿ ನೇರ ಓಡುವಾಗ ಪ್ಲೇ, ನಡುವಿನ ಬಿಗಿ ಸಿಗುವುದು ಅರೆ ತಿರುವಿನಲ್ಲಿ.

ಸರಿ ಮಾಡುವ ಬಗೆ ಹೀಗೆ. ಡ್ರಾಪ್ ಆರ್ಮ್‌ಗೆ ಸೇರಿಕೊಂಡ ರಾಡು, ಅಂದರೆ ಡ್ರ್ಯಾಗ್ ಲಿಂಕ್ ಕಳಚಿ. ಸ್ಟೇರಿಂಗನ್ನು ಒಂದು ಕೊನೆಗೆ ಮೆಲ್ಲಗೆ ತನ್ನಿ, ಬಡಿಸಬೇಡಿ. ರಿಮ್ಮಿಗೆ ಒಂದು ಟೇಪು ಅಂಟಿಸಿ, ಇನ್ನೊಂದು ಕೊನೆವರೆಗೆ ಎಷ್ಟು ಸುತ್ತು ಅಂತ ಎಣಿಸಿ. ಅದರ ಅರ್ಧಕ್ಕೆ ವಾಪಸ್ ಬಂದರೆ ಅದೇ ಬಾಕ್ಸಿನ ನಡು. ಬಾಕ್ಸ್ ಹಾಗೇ ಇರಲಿ, ಮುಂದಿನ ಚಕ್ರ ನೇರ ಇರಲಿ, ಈಗ ಡ್ರಾಪ್ ಆರ್ಮ್ ಕೂರಿಸಿ. ಕಡ್ಡಿ ನೆಟ್ಟಗೆ ಮಾಡುವುದು ಕಟ್ಟಕಡೆಗೆ. ಆರ್ಮ್ ತೆಗೆಯಲು ಪುಲ್ಲರ್, ಅಂದರೆ ಎಳೆದು ಬಿಡಿಸುವ ಸಾಧನ ಬೇಕು. ಸುತ್ತಿಗೆಯಲ್ಲಿ ಬಡಿದರೆ ಆ ಏಟು ಶಾಫ್ಟ್ ಹಿಡಿದು ಒಳಗಿನ ಪಿನ್ನಿಗೂ ಕ್ಯಾಮ್‌ಗೂ ಹೋಗುತ್ತದೆ. ಪುಲ್ಲರ್ ಇಲ್ಲ ಅಂತ ಹೇಳಿದ ಗ್ಯಾರೇಜಿನಿಂದ ಗಾಡಿ ವಾಪಸ್ ತಂದೆ. ಸ್ಟೇಷನ್ ಹತ್ತಿರದ ಒಬ್ಬ ಹಳೇ ಉಸ್ತಾದ್ ಬಳಿ ಇತ್ತು. "ಬೇಟಾ, ಹತೋಡಾ ಮುಟ್ಟಬ್ಯಾಡ" ಅಂತ ಅವರೇ ಮುಂದೆ ನಿಂತು ತೆಗೆಸಿದರು.

ಇಷ್ಟೆಲ್ಲ ಮಾಡಿದ ಮೇಲೂ ಹೊಸ ಬಾಕ್ಸ್ ನನಗೆ ಒಗ್ಗಲಿಲ್ಲ. ನಡು ಸರಿಯಾಯಿತು, ಆದರೆ ಬಲಗಡೆ ಒಂದು ಜಾಗದಲ್ಲಿ ಗರಗರ ಅನ್ನುತ್ತಿತ್ತು. ಸ್ಕ್ರೂ ಸಡಿಲ ಬಿಟ್ಟರೂ ಗರಗರ ಹೋಗಲಿಲ್ಲ, ಗ್ರೂವ್ ಕೊರೆದದ್ದೇ ಒರಟು. ಬಿಚ್ಚಿಸಿ ಪಕ್ಕಕ್ಕಿಟ್ಟೆ.

ಹಳೇ ಬಾಕ್ಸ್ ವಾಪಸ್ ಏರಿತು, ಈ ಸಲ ಕ್ರಮವಾಗಿ. ಮುಂದಿನ ಚಕ್ರ ಎರಡೂ ಜಾಕ್ ಮೇಲೆ, ಡ್ರ್ಯಾಗ್ ಲಿಂಕ್ ಕಳಚಿ ಪಕ್ಕಕ್ಕೆ. ಮೊದಲು ಪಕ್ಕದ ಸ್ಕ್ರೂ ಚೆನ್ನಾಗಿ ಸಡಿಲಿಸಬೇಕು, ಇಲ್ಲದಿದ್ದರೆ ಬೇರಿಂಗ್ ಬಿಗಿ ಯಾವುದು, ಪಿನ್ನಿನ ಬಿಗಿ ಯಾವುದು ಕೈಗೆ ಗೊತ್ತಾಗುವುದಿಲ್ಲ. ಡ್ಯಾಶ್‌ಬೋರ್ಡ್ ಹತ್ತಿರದ ಕ್ಲ್ಯಾಂಪ್ ಸಡಿಲಿಸಿ, ಬಾಕ್ಸಿನ ಮೇಲಿನ ಮುಚ್ಚಳದ ಬೋಲ್ಟ್ ತೆಗೆದು, ಮುಚ್ಚಳ ಸ್ವಲ್ಪ ಮೇಲೆತ್ತಿದರೆ ಶಿಮ್ ಕಾಣುತ್ತವೆ. ಇಂಚಿನ ಸಾವಿರದಲ್ಲಿ 2, 3 ಮತ್ತು 10ರ ದಪ್ಪದಲ್ಲಿ ಬರುತ್ತವೆ. ತೆಳುವಾದದ್ದನ್ನು ಕತ್ತರಿಯಲ್ಲಿ ಕತ್ತರಿಸಿ ಎಳೆದರೆ ಬಂದುಬಿಡುತ್ತದೆ, ಸ್ಟೇರಿಂಗ್ ಚಕ್ರ ಬಿಚ್ಚುವ ಕೆಲಸವೇ ಇಲ್ಲ. ಒಂದು ತೆಗೆಯಿರಿ, ಮುಚ್ಚಳ ಬಿಗಿ ಮಾಡಿ, ತಿರುಗಿಸಿ ನೋಡಿ. ಹೆಬ್ಬೆರಳು, ತೋರುಬೆರಳಿನಲ್ಲಿ ರಿಮ್ ಹಗುರವಾಗಿ ಹಿಡಿದರೆ ಸಲೀಸಾಗಿ ತಿರುಗಬೇಕು. ಜೊತೆಗೆ ಸಣ್ಣಗೆ ಹಿಡಿದಂತೆಯೂ ಇರಬೇಕು. ಇದಾದ ಮೇಲೆ ಸ್ಕ್ರೂ. ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಮೆಲ್ಲಗೆ ತಿರುಗಿಸುತ್ತಾ, ನಡು ದಾಟುವಾಗ ಮಾತ್ರ ಚೂರು ಬಿಗಿ ಅನ್ನಿಸುವಷ್ಟು ಸ್ಕ್ರೂ ತಿರುಗಿಸಿ, ಚೆಕ್ ನಟ್ ಬಿಗಿ ಮಾಡಿ. ಡ್ಯಾಶ್‌ಬೋರ್ಡ್ ಕ್ಲ್ಯಾಂಪ್ ಕೊನೆಗೆ ಬಿಗಿ ಮಾಡಿ. ರಾಡನ್ನು ಒತ್ತಿ ಬಾಗಿಸಿ ಬಿಗಿ ಮಾಡಿದರೆ ಮಾಡಿದ್ದೆಲ್ಲ ನೀರಿಗೆ.

ಪೂರ್ತಿ ಪ್ಲೇ ಹೋಯಿತಾ? ಇಲ್ಲ. ಗ್ರೂವ್ ಜಾಸ್ತಿ ಸವೆಯುವುದು ನಡುವೆಯೇ, ಯಾಕಂದರೆ ಗಾಡಿ ಜಾಸ್ತಿ ಓಡುವುದು ನೇರ. ನಡುವಿನ ಪ್ಲೇ ಪೂರ್ತಿ ತೆಗೆಯಲು ಹೋದರೆ ಪಕ್ಕಗಳಲ್ಲಿ ಬಿಗಿಯುತ್ತದೆ. ಎರಡು ಬೆರಳಿನಷ್ಟು ಉಳಿದಾಗ ನಾನು ಕೈ ಬಿಟ್ಟೆ.

ಎಣ್ಣೆಯ ವಿಷಯ. ನಮ್ಮ ಕಡೆ ಬಾಕ್ಸ್ ಸೋರಿದರೆ ಗ್ರೀಸ್ ತುಂಬಿಬಿಡುತ್ತಾರೆ. ಪಿನ್ನು ಓಡಾಡುವ ಜಾಗದಿಂದ ಗ್ರೀಸ್ ಪಕ್ಕಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ, ಪಿನ್ನು ಒಣಗುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ 90ರ ಗೇರ್ ಆಯಿಲ್ ನೀರಾಗಿ ಸೀಲಿನಿಂದ ತೊಟ್ಟಿಕ್ಕುತ್ತದೆ. ನಾನು ಸೀಲ್ ಬದಲಿಸಿ ಅದಕ್ಕಿಂತ ಗಟ್ಟಿಯಾದ 140 ಹಾಕಿದೆ.

ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ಶಿಮ್, ಸೀಲ್, ಎಣ್ಣೆ, ಉಸ್ತಾದ್ ಕೂಲಿ ಎಲ್ಲಾ ಸೇರಿ ಹೊಸ ಬಾಕ್ಸಿನ ಸಣ್ಣ ಪಾಲು. ಹಾಂ, ನಾನು ಐವತ್ತರ ಮೇಲೆ ಓಡಿಸುವವನಲ್ಲ, ರಾತ್ರಿ ಹೆದ್ದಾರಿ ಹಿಡಿಯುವವನೂ ಅಲ್ಲ. ಸೊಲ್ಲಾಪುರ, ಹೈದರಾಬಾದ್ ಅಂತ ಹಳೇ ಜೀಪಿನಲ್ಲೇ ತಿರುಗುವವರಿಗೆ ಎರಡು ಬೆರಳಿನ ಪ್ಲೇ ಜಾಸ್ತಿ ಅನ್ನಿಸಬಹುದು. ಕ್ಯಾಮ್‌ನ ಗ್ರೂವಿನಲ್ಲಿ ಉಗುರಿಗೆ ಸಿಗುವಂಥ ಕಚ್ಚು ಬಿದ್ದಿದ್ದರೆ ಅವರಿಗೂ ನಿಮಗೂ ಹೊಸದೇ ಗತಿ. ಆಗ ಅಂಗಡಿಯಲ್ಲೇ ಬಾಕ್ಸನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಗರಗರ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸುತ್ತು ಎಣಿಸಿ, ನಡುವಿಗೆ ತಂದು, ಶಾಫ್ಟಿನ ಮೇಲೆ ಪೇಂಟಿನ ಗುರುತು ಹಾಕಿಸಿಕೊಂಡೇ ದುಡ್ಡು ಕೊಡಿ.