ಎಕ್ಸ್‌ಟರ್ನಲ್ ಟಿವಿ ಟ್ಯೂನರ್ ತಗೊಳ್ಳೋ ಮುಂಚೆ ಇದನ್ನು ಓದಿ

ಕಂಪ್ಯೂಟರ್‌ನಲ್ಲಿ ಟಿವಿ ನೋಡೋಕೆ ಟಿವಿ ಟ್ಯೂನರ್ ಹುಡುಕ್ತಾ ಇದ್ದೀರಾ? ಹಾಗಿದ್ದರೆ "ಎಕ್ಸ್‌ಟರ್ನಲ್", ಅಂದರೆ ಹೊರಗಿನಿಂದ ಜೋಡಿಸುವಂಥದ್ದು, ಅನ್ನೋ ಮಾತೊಂದನ್ನೇ ನಂಬಿ ದುಡ್ಡು ಕೊಡಬೇಡಿ. ಆ ಹೆಸರಲ್ಲಿ ಎರಡು ಬೇರೆ ಬೇರೆ ವಸ್ತು ಮಾರುತ್ತಾರೆ. ನನಗೆ ಗೊತ್ತಿರಲಿಲ್ಲ. ಮಾರಿದವನಿಗೆ ಚೆನ್ನಾಗಿ ಗೊತ್ತಿತ್ತು.

ನನಗೆ ಬೇಕಿದ್ದದ್ದು ರೆಕಾರ್ಡಿಂಗ್. ಅಪ್ಪನಿಗೆ ರಾತ್ರಿ ಪಾಳಿ. ಅವರು ಕೆಲಸದಲ್ಲಿರುವಾಗ ಬರುವ ಪಂದ್ಯ ರೆಕಾರ್ಡ್ ಮಾಡಿಟ್ಟು ಬೆಳಿಗ್ಗೆ ತೋರಿಸಬೇಕು, ಅಷ್ಟೇ. ಇದನ್ನು ಮಾರುವವನಿಗೆ ಮೊದಲೇ ಹೇಳಿದ್ದೆ. ಒಂದು ಸಲ ಅಲ್ಲ, ಮೂರು ಸಲ ಹೇಳಿದ್ದೆ. ಒಳಗೆ ಕೂರಿಸುವ ಕಾರ್ಡ್ ಕೊಡಿ ಅಂತಲೇ ಕೇಳಿದ್ದೆ.

"ಇಂಟರ್ನಲ್ ಕಾರ್ಡ್ ಯಾಕೆ ಮೇಡಂ? ಸಿಪಿಯು ಬಿಚ್ಚಬೇಕು, ಡ್ರೈವರ್ ಹಾಕಬೇಕು, ಸುಮ್ನೆ ತಲೆನೋವು. ಎಕ್ಸ್‌ಟರ್ನಲ್ ತಗೊಳ್ಳಿ, ವೈರ್ ಚುಚ್ಚಿದರೆ ಮುಗೀತು."

"ರೆಕಾರ್ಡ್ ಆಗುತ್ತೆ ಅಲ್ವಾ?"

"ಕಂಪ್ಯೂಟರ್‌ಗೇ ತಾನೇ ಮೇಡಂ ಹಾಕೋದು? ಎಲ್ಲಾ ಆಗುತ್ತೆ."

ಆ ಉತ್ತರ ನೋಡಿ. ರೆಕಾರ್ಡ್ ಅನ್ನೋ ಪದವೇ ಅದರಲ್ಲಿಲ್ಲ. ಇದು ನನಗೆ ಹೊಳೆದದ್ದು ಆಮೇಲೆ.

ಮನೆಗೆ ಬಂದು ಜೋಡಿಸಿದೆ. ಸಿಪಿಯುನಿಂದ ಮಾನಿಟರ್‌ಗೆ ಹೋಗುವ ವಿಜಿಎ ಕೇಬಲ್ ಬಿಚ್ಚಿ ಈ ಡಬ್ಬಕ್ಕೆ ಹಾಕಬೇಕು. ಡಬ್ಬದಿಂದ ಇನ್ನೊಂದು ಕೇಬಲ್ ಮಾನಿಟರ್‌ಗೆ. ಪಕ್ಕದಲ್ಲಿ ಟಿವಿ ಕೇಬಲ್. ಐದೇ ನಿಮಿಷ, ಚಿತ್ರ ಬಂತು, ಚೆನ್ನಾಗಿಯೇ ಬಂತು. ರಿಮೋಟ್ ಒತ್ತಿದರೆ ಚಾನೆಲ್ ಬದಲಾಗುತ್ತೆ. ನನಗೆ ಎಷ್ಟು ಖುಷಿ ಆಯಿತು ಗೊತ್ತಾ.

ಆಮೇಲೆ ರೆಕಾರ್ಡ್ ಬಟನ್ ಹುಡುಕಿದೆ. ಇಲ್ಲ. ರಿಮೋಟ್‌ನ ಒಂದೊಂದು ಬಟನ್ನೂ ಒತ್ತಿ ನೋಡಿದೆ. ಡಬ್ಬದ ಜೊತೆ ಸಿಡಿ ಕೊಟ್ಟಿರಲಿಲ್ಲ, ಮರೆತಿರಬೇಕು ಅಂದುಕೊಂಡೆ. ಕಂಪ್ಯೂಟರ್‌ಗೆ ಏನೇನು ಜೋಡಿಸಿದೆ ಅಂತ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದರೆ ಹೊಸದಾಗಿ ಏನೂ ಬಂದಿಲ್ಲ. ಎರಡು ಸಲ ರೀಸ್ಟಾರ್ಟ್ ಮಾಡಿದೆ. ಇಷ್ಟರಲ್ಲಿ ಪಂದ್ಯ ಅರ್ಧ ಮುಗಿದಿತ್ತು. ಸಿಟ್ಟು ಬಂದು ಕಂಪ್ಯೂಟರ್ ಶಟ್‌ಡೌನ್ ಮಾಡಿದೆ.

ಸಿಪಿಯು ಫ್ಯಾನಿನ ಸದ್ದು ನಿಂತಿತು. ಮುಂದಿನ ದೀಪ ಆರಿತು. ಪಂದ್ಯ ಮಾತ್ರ ಸ್ಕ್ರೀನ್ ಮೇಲೆ ಓಡ್ತಾನೇ ಇತ್ತು.

ಸ್ವಲ್ಪ ಹೊತ್ತು ನನಗೆ ಏನೂ ಅರ್ಥ ಆಗಲಿಲ್ಲ. ಆಮೇಲೆ ಹೊಟ್ಟೆಯೊಳಗೆ ಒಂಥರಾ ಆಯಿತು. ಈ ಡಬ್ಬಕ್ಕೂ ನನ್ನ ಕಂಪ್ಯೂಟರ್‌ಗೂ ಸಂಬಂಧವೇ ಇಲ್ಲ! ಅದು ಮಾನಿಟರನ್ನು ಟಿವಿ ಮಾಡುತ್ತೆ, ಅಷ್ಟೇ ಅದರ ಕೆಲಸ. ಸಿಪಿಯುನಿಂದ ಬರುವ ಕೇಬಲ್ ಇರೋದು ಕಂಪ್ಯೂಟರಿನ ಚಿತ್ರವನ್ನು ಮಾನಿಟರ್‌ಗೆ ದಾಟಿಸಲು. ಟಿವಿಯ ಚಿತ್ರ ಕಂಪ್ಯೂಟರ್ ಒಳಗೆ ಹೋಗುವ ದಾರಿಯೇ ಇಲ್ಲ. ಒಳಗೇ ಹೋಗದಿದ್ದರೆ ಹಾರ್ಡ್ ಡಿಸ್ಕ್‌ನಲ್ಲಿ ಏನು ರೆಕಾರ್ಡ್ ಆಗುತ್ತೆ ಹೇಳಿ?

ಬೆಳಿಗ್ಗೆ ಅಪ್ಪ ಬಂದವರೇ ಕೇಳಿದರು, "ಏನಮ್ಮಾ, ರೆಕಾರ್ಡ್ ಆಯ್ತಾ?" ಇನ್ನೂ ಸೆಟ್ ಆಗಿಲ್ಲಪ್ಪ ಅಂದೆ. ಮೋಸ ಹೋದೆ ಅಂತ ಹೇಳೋಕೆ ಬಾಯಿ ಬರಲಿಲ್ಲ.

ಫೋನ್ ಮಾಡಿದೆ. "ಟಿವಿ ಬರ್ತಿದೆ ತಾನೇ ಮೇಡಂ? ಮತ್ತೇನು ತೊಂದರೆ?" ರೆಕಾರ್ಡ್ ಆಗಲ್ವಲ್ಲ ಅಂದೆ. "ರೆಕಾರ್ಡ್ ಬೇಕಿದ್ರೆ ಕಾರ್ಡ್ ಕೇಳಬೇಕಿತ್ತು." ಕಾರ್ಡ್ ಕೇಳಬೇಕಿತ್ತಂತೆ! ನಾನು ಬಾಯಿಬಿಟ್ಟು ಕೇಳಿದ್ದೇ ಕಾರ್ಡ್. ಬೇಡ ಅಂತ ತಪ್ಪಿಸಿದ್ದೇ ಇವನು.

ಜಗಳ ಮಾಡಿ, ಮೇಲೆ ದುಡ್ಡು ಕೊಟ್ಟು, ಡಬ್ಬ ವಾಪಸ್ ಕೊಟ್ಟು ಇಂಟರ್ನಲ್ ಕಾರ್ಡ್ ತಂದೆ. ಅಲ್ಲೂ ಮೋಸ. ಸಿಪಿಯು ಬಿಚ್ಚಿ ನೋಡಿದರೆ ಕಾರ್ಡ್ ಕೂರುತ್ತಲೇ ಇಲ್ಲ. ಅವನು ಕೊಟ್ಟದ್ದು ಹಳೆಯ ಪಿಸಿಐ ಕಾರ್ಡ್. ನನ್ನ ಮದರ್‌ಬೋರ್ಡ್‌ನಲ್ಲಿ ಇರೋದು ಬರೀ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್, ಅಂದರೆ ಕಾರ್ಡ್ ಕೂರಿಸುವ ಹೊಸ ಬಗೆಯ ಜಾಗ. ಹೆಸರು ಹತ್ತಿರ ಹತ್ತಿರ ಇದೆ, ಆದರೆ ಒಂದರದ್ದು ಇನ್ನೊಂದರಲ್ಲಿ ಕೂರಲ್ಲ. ಕಾರ್ಡಿನ ಚಿನ್ನದ ಬಣ್ಣದ ಅಂಚಿನಲ್ಲಿ ಕೊಯ್ದಿರುವ ಜಾಗವೇ ಬೇರೆ, ಉದ್ದವೇ ಬೇರೆ. ಮತ್ತೆ ಫೋನ್ ಮಾಡಿದರೆ ಏನಂದ ಗೊತ್ತಾ? "ಹೊಸದು ಬಿಗಿ ಇರುತ್ತೆ ಮೇಡಂ, ಸ್ವಲ್ಪ ಜೋರಾಗಿ ಒತ್ತಿ." ದಯವಿಟ್ಟು ಯಾರೂ ಒತ್ತಬೇಡಿ. ನಾನು ಒತ್ತಿದ್ದರೆ ಮದರ್‌ಬೋರ್ಡೂ ಹೋಗುತ್ತಿತ್ತು. ಸ್ಲಾಟ್ ಬೇರೆ ಅಂತ ಬಿಡಿಸಿ ಹೇಳಿದ ಮೇಲೆ, "ಹಾಗಾದ್ರೆ ನಿಮ್ಮ ಕಂಪ್ಯೂಟರಿಂದೇ ಪ್ರಾಬ್ಲಂ. ಪ್ಯಾಕ್ ಒಡೆದಿದ್ದೀರಿ, ವಾಪಸ್ ತಗೊಳ್ಳಲ್ಲ." ಫೋನ್ ಇಟ್ಟ.

ಆಮೇಲೆ ಕೂತು ಓದಿ ತಿಳಿದುಕೊಂಡೆ. ಮೊದಲೇ ಓದಬೇಕಿತ್ತು. ಎಕ್ಸ್‌ಟರ್ನಲ್‌ನಲ್ಲೇ ಯುಎಸ್‌ಬಿಗೆ ಹಾಕುವಂಥದ್ದು ಇದೆ. ಅದರಲ್ಲಿ ಟಿವಿ ನಿಜವಾಗಲೂ ಕಂಪ್ಯೂಟರ್ ಒಳಗೆ ಹೋಗುತ್ತೆ, ರೆಕಾರ್ಡೂ ಆಗುತ್ತೆ. ಡಿಜಿಟಲ್ ಪ್ರಸಾರ ಬರುವಾಗಲೇ ಕುಗ್ಗಿಸಿದ ರೂಪದಲ್ಲಿ ಬರುತ್ತೆ. ಬಂದದ್ದನ್ನು ಹಾಗೇ ಡಿಸ್ಕ್‌ಗೆ ಬರೆಯೋದಷ್ಟೇ ಕೆಲಸ. ಹಾಗಾಗಿ ಇಂಟರ್ನಲ್ ಆದ ಮಾತ್ರಕ್ಕೆ ಚಿತ್ರ ಜಾಸ್ತಿ ಚೆನ್ನಾಗಿ ಬರುತ್ತೆ ಅಂತೇನಿಲ್ಲ. ಹಳೇ ಬಗೆಯ ಅನಲಾಗ್ ಪ್ರಸಾರ ಆದರೆ ಕುಗ್ಗಿಸುವ ಕೆಲಸ ಯಾರಾದರೂ ಮಾಡಲೇಬೇಕು. ಟ್ಯೂನರ್‌ನಲ್ಲೇ ಅದಕ್ಕೆ ಚಿಪ್ ಇಲ್ಲದಿದ್ದರೆ ಆ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತೆ.

ಪ್ಯಾಕ್ ಮೇಲಿನ ಅಕ್ಷರಕ್ಕೂ ಮರುಳಾಗಬೇಡಿ. ಯುಎಸ್‌ಬಿಯಲ್ಲಿ "ಫುಲ್ ಸ್ಪೀಡ್" ಅಂದರೆ ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ. "ಹೈ ಸ್ಪೀಡ್" ಅಂದರೆ 480. ಬರೀ "ಡಿಜಿಟಲ್" ಅಂತ ಬರೆದಿದ್ದರೂ ಸಾಲದು. ಆಂಟೆನಾದಲ್ಲಿ ಬರುವ ಡಿಜಿಟಲ್ ಪ್ರಸಾರದಲ್ಲೇ ಹಳೆಯ ಬಗೆ ಡಿವಿಬಿ-ಟಿ, ಹೊಸದು ಡಿವಿಬಿ-ಟಿ2. ಡಿವಿಬಿ-ಟಿ ಮಾತ್ರ ಹಿಡಿಯುವ ಟ್ಯೂನರ್‌ಗೆ ಡಿವಿಬಿ-ಟಿ2 ಬರಲ್ಲ. ಡಿಶ್‌ಗೆ, ಕೇಬಲ್‌ಗೆ ಬೇರೆಯೇ ಇವೆ. "ಮೀಡಿಯಾ ಸೆಂಟರ್‌ನಲ್ಲಿ ನಡೆಯುತ್ತೆ" ಅಂದರೆ ನಂಬಬೇಡಿ, ಅದು ಹಳೆಯ ವಿಂಡೋಸ್‌ನಲ್ಲಿ ಟಿವಿ ನೋಡೋಕೆ ಇದ್ದ ಪ್ರೋಗ್ರಾಂ, ವಿಂಡೋಸ್ 10ರಿಂದ ಅದನ್ನು ತೆಗೆದೇ ಹಾಕಿದ್ದಾರೆ. ನಿಮ್ಮ ವಿಂಡೋಸ್ 64 ಬಿಟ್ ಆಗಿದ್ದರೆ ಟ್ಯೂನರನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್ ಕೂಡ 64 ಬಿಟ್‌ನದ್ದೇ ಬೇಕು. ಇಂಟರ್ನಲ್ ಬೇಕಾದರೆ ಮೊದಲು ಸಿಪಿಯು ಬಿಚ್ಚಿ ಖಾಲಿ ಸ್ಲಾಟ್‌ನ ಫೋಟೋ ತೆಗೆದುಕೊಂಡು ಹೋಗಿ.

ಎಕ್ಸ್‌ಟರ್ನಲ್ ತೋರಿಸಿದರೆ ದುಡ್ಡು ಕೊಡುವ ಮುಂಚೆ ಒಂದೇ ಕೆಲಸ ಮಾಡಿ. ಟಿವಿ ಓಡುತ್ತಿರುವಾಗ ಕಂಪ್ಯೂಟರ್ ಆಫ್ ಮಾಡಿಸಿ. ಆಗಲೂ ಚಿತ್ರ ಬರ್ತಾ ಇದ್ದರೆ ಅದರ ಚಿತ್ರ ನಿಮ್ಮ ಕಂಪ್ಯೂಟರ್‌ನಿಂದ ಬರ್ತಾ ಇಲ್ಲ. ರೆಕಾರ್ಡಿಂಗ್ ಬೇಕಿದ್ದರೆ ಅಲ್ಲಿಂದ ಎದ್ದು ಬನ್ನಿ.

ನಿನ್ನೆ ಅಪ್ಪನಿಗೆ ಎಲ್ಲಾ ಹೇಳಿದೆ. ಬೈಯಲಿಲ್ಲ. "ಬಿಲ್ ಕೊಡು, ನಾನು ಮಾತಾಡ್ತೀನಿ" ಅಂದರು. ತೆಗೆದು ನೋಡಿದರೆ ಎರಡೂ ಬಿಲ್‌ನಲ್ಲಿ "ಟಿವಿ ಟ್ಯೂನರ್, 1" ಅಂತಷ್ಟೇ ಬರೆದಿದ್ದಾನೆ. ಇಂಟರ್ನಲ್ಲೋ ಎಕ್ಸ್‌ಟರ್ನಲ್ಲೋ ಬರೆದಿಲ್ಲ, ಮಾಡೆಲ್ ನಂಬರ್ ಬರೆದಿಲ್ಲ, ರೆಕಾರ್ಡಿಂಗ್ ಅಂತಲೂ ಬರೆದಿಲ್ಲ. ಇದನ್ನೆಲ್ಲ ಅವನ ಕೈಯಲ್ಲೇ ಬರೆಸಿಕೊಳ್ಳಿ.