ಅಲೆಗೆನಿ ಕೌಂಟಿ ನ್ಯಾಯಾಲಯ: ಅಂಗಳದಲ್ಲಿ ನಿಂತು ನೋಡಬೇಕಾದ ಕಟ್ಟಡ

ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿರುವ ಅಲೆಗೆನಿ ಕೌಂಟಿ ನ್ಯಾಯಾಲಯವನ್ನು ನೋಡಹೋಗುವವರು ಮುಂಬಾಗಿಲಲ್ಲೇ ನಿಂತು ತೀರ್ಮಾನಕ್ಕೆ ಬರಬಾರದು. ಗ್ರಾಂಟ್ ಬೀದಿಯಿಂದ ಒಳಹೊಕ್ಕೊಡನೆ ಎದುರಾಗುವ ತಗ್ಗು ಚಾವಣಿಯ ಹಜಾರ ಇಷ್ಟು ಗಂಭೀರವಾದ ಕಟ್ಟಡಕ್ಕೆ ಒಪ್ಪುವುದಿಲ್ಲ. ಏಕೆಂದರೆ ಅದು ಮೂಲದಲ್ಲಿ ನೆಲಮಾಳಿಗೆ. 1910ರ ದಶಕದಲ್ಲಿ ಅಲ್ಲಿನ ದಿಬ್ಬವನ್ನು ಕಡಿದು ಬೀದಿಯನ್ನು ತಗ್ಗಿಸಿದಾಗ ನಿಜವಾದ ಬಾಗಿಲು ಮೇಲೆಯೇ ಉಳಿಯಿತು. ಅದಕ್ಕೆ ಹತ್ತಲು ಕಟ್ಟಿದ ಮೆಟ್ಟಿಲುಗಳನ್ನೂ ಮುಂದೆ ಬೀದಿ ಅಗಲಿಸುವಾಗ ತೆಗೆದರು. ಈ ಕಟ್ಟಡಕ್ಕೆ ಆದ ಅತಿ ದೊಡ್ಡ ನಷ್ಟ ಇದೇ ಎಂದು ನನ್ನ ಅಭಿಪ್ರಾಯ.

ಹಳೆಯ ನ್ಯಾಯಾಲಯ 1882ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೊಸದನ್ನು ವಿನ್ಯಾಸಗೊಳಿಸಿದವರು ಹೆನ್ರಿ ಹಾಬ್ಸನ್ ರಿಚರ್ಡ್‌ಸನ್. ತಮ್ಮ ಕೃತಿಗಳಲ್ಲಿ ಇದನ್ನು ಅವರು ಬಹಳ ಮೇಲಿಟ್ಟಿದ್ದರು. ಆದರೆ 1886ರಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರಿಗೆ 1888ರಲ್ಲಿ ಪೂರ್ಣಗೊಂಡ ಈ ಕಟ್ಟಡವನ್ನು ನೋಡುವ ಭಾಗ್ಯ ಸಿಗಲಿಲ್ಲ.

ಬೀದಿಯಲ್ಲಿ ಕಳೆದುಹೋದ ಘನತೆ ನಡುವಿನ ತೆರೆದ ಅಂಗಳದಲ್ಲಿ ಹಾಗೆಯೇ ಉಳಿದಿದೆ. ಮಸಾಚುಸೆಟ್ಸ್‌ನಿಂದ ತರಿಸಿದ ನಸುಗೆಂಪು ಗ್ರಾನೈಟಿನ ಮುಖವನ್ನು ನುಣುಪುಗೊಳಿಸದೆ ಉರುಟಾಗಿಯೇ ಬಿಟ್ಟಿರುವುದರಿಂದ ಗೋಡೆಯ ಪ್ರತಿಯೊಂದು ಕಲ್ಲೂ ತನ್ನದೇ ನೆರಳನ್ನು ಹೊತ್ತು ನಿಂತಂತಿದೆ. ಅವುಗಳ ನಡುವೆ ಸಾಲುಸಾಲಾಗಿ ಏಳುವ ಅರ್ಧವೃತ್ತದ ಕಮಾನುಗಳು ಯೂರೋಪಿನ ಮಧ್ಯಯುಗದ ರೋಮನೆಸ್ಕ್ ಶೈಲಿಯನ್ನು ನೆನಪಿಸುತ್ತವೆ. ಈ ಅಂಗಳ ಕೇವಲ ಅಲಂಕಾರಕ್ಕಲ್ಲ, ನಾಲ್ಕೂ ಕಡೆಯ ಕೋಣೆಗಳಿಗೆ ಬೆಳಕನ್ನೂ ಗಾಳಿಯನ್ನೂ ಅದು ಒದಗಿಸುತ್ತದೆ. ಮುಂದಿನ ಎತ್ತರದ ಗೋಪುರಕ್ಕೂ ಹೀಗೆಯೇ ಒಂದು ಕೆಲಸವಿತ್ತು: ಊರಿನ ಕಾರ್ಖಾನೆಗಳ ಹೊಗೆ ತಾಕದಷ್ಟು ಎತ್ತರದಿಂದ ಶುದ್ಧ ಗಾಳಿಯನ್ನು ಕಟ್ಟಡದೊಳಕ್ಕೆ ಇಳಿಸುವುದು. ಅಂದವನ್ನೂ ಉಪಯೋಗವನ್ನೂ ಬೇರೆಬೇರೆಯಾಗಿ ಕಾಣದ ಈ ಯೋಚನೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು.

ಒಳಗಿನ ಕಲ್ಲಿನ ಮಹಾಸೋಪಾನವನ್ನು ನಿಧಾನವಾಗಿ ಹತ್ತಬೇಕು. ಒಂದರ ಹಿಂದೊಂದು ಕಮಾನು ತೆರೆದುಕೊಳ್ಳುತ್ತ ಹೋಗುವ ಆ ನೋಟ ಛಾಯಾಚಿತ್ರಕ್ಕೆ ದಕ್ಕುವಂಥದ್ದಲ್ಲ. ಇಂದಿಗೂ ಕಲಾಪ ನಡೆಯುವ ಸ್ಥಳವಾದ್ದರಿಂದ ಮೌನವಾಗಿ ನೋಡುವುದು ಒಳಿತು.

ಹೊರಬಂದ ಮೇಲೆ ಹಿಂಬದಿಯ ರಾಸ್ ಬೀದಿಗೂ ಹೋಗಿ. ನ್ಯಾಯಾಲಯವನ್ನೂ ರಿಚರ್ಡ್‌ಸನ್ ಅವರೇ ರೂಪಿಸಿದ ಹಳೆಯ ಸೆರೆಮನೆಯನ್ನೂ ಜೋಡಿಸುವ, ವೆನಿಸ್ ನಗರದ ‘ನಿಟ್ಟುಸಿರಿನ ಸೇತುವೆ’ಯ ಹೆಸರನ್ನೇ ಹೊತ್ತ ಕಲ್ಲಿನ ಸೇತುವೆ ಅಲ್ಲಿ ಬೀದಿಯ ಮೇಲೆ ಹಾದುಹೋಗುತ್ತದೆ. ಕೈದಿಗಳನ್ನು ವಿಚಾರಣೆಗೆ ಕರೆತರುತ್ತಿದ್ದ ದಾರಿ ಅದು. ಆ ಸೆರೆಮನೆಯಲ್ಲಿ ಈಗ ಕೌಟುಂಬಿಕ ನ್ಯಾಯಾಲಯವಿದೆ.