ಇ5200 ಜೊತೆ ಹನ್ನೆರಡು ಮಳೆಗಾಲ

252. ಈ ಸಂಖ್ಯೆ ಎರಡು ವರ್ಷ ನನ್ನ ನಿದ್ದೆ ಕೆಡಿಸಿತ್ತು.

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ ವಿಡಿಯೋ ಮಾಡುತ್ತೇನೆ, ಜೊತೆಗೆ ನುಡಿ ತಂತ್ರಾಂಶದಲ್ಲಿ ಲಗ್ನಪತ್ರಿಕೆ. ಇಂಟೆಲ್ ಪೆಂಟಿಯಂ ಇ5200 ಪ್ರೊಸೆಸರ್ ಚಿಪ್ ಇರುವ ಈ ಡೆಸ್ಕ್‌ಟಾಪನ್ನು 2012ರಲ್ಲಿ ಶಿವಮೊಗ್ಗದ ದುರ್ಗಿಗುಡಿಯಿಂದ ಸೆಕೆಂಡ್ ಹ್ಯಾಂಡ್ ತಂದೆ. ಕ್ಯಾಬಿನೆಟ್ ಸಮೇತ 7,000 ರೂಪಾಯಿ. ಆಗಲೇ ಅದು ಹಳೇ ಕಾಲದ ಚಿಪ್. 2008ರ ಕೊನೆಗೆ ಬಂದ ಕೋರ್ ಐ7ನಲ್ಲಿ ಫ್ರಂಟ್ ಸೈಡ್ ಬಸ್, ಅಂದರೆ ಚಿಪ್ಪಿಗೂ ಮದರ್‌ಬೋರ್ಡಿಗೂ ನಡುವೆ ಮಾಹಿತಿ ಓಡಾಡುವ ದಾರಿ, ಅನ್ನೋದೇ ಇರಲಿಲ್ಲ. ನನ್ನ ಜೇಬಿಗೆ ಹೊಂದುತ್ತಿದ್ದದ್ದು ಬಸ್ ಇರುವ ಕಾಲದ್ದೇ.

"ಬಯಾಸ್‌ಗೆ ಹೋಗಿ 200 ಇರೋ ಕಡೆ 266 ಹಾಕು ಮಾರಾಯ, ಮುಗೀತು" ಅಂದಿದ್ದ ಗೆಳೆಯ. ಬಯಾಸ್ ಅಂದರೆ ಕಂಪ್ಯೂಟರ್ ಆನ್ ಆಗುವಾಗ ಸಿಗುವ ಸೆಟ್ಟಿಂಗ್ ಪರದೆ. ಲೆಕ್ಕ ಸರಿಯಾಗೇ ಇತ್ತು. ಬಸ್ಸಿನ ವೇಗ 200 ಮೆಗಾಹರ್ಟ್ಸ್, ಇಂಟು ಚಿಪ್ಪಿನ ಮಲ್ಟಿಪ್ಲೈಯರ್ 12.5, ಅಂದರೆ ಚಿಪ್ಪಿನ ವೇಗ 2.5 ಗಿಗಾಹರ್ಟ್ಸ್. 266 ಆದರೆ 3.33. ಮೂರು ಗಂಟೆ ತಗೊಳ್ಳೋ ರೆಂಡರಿಂಗ್ ಎರಡೂಕಾಲು ಗಂಟೆಗೆ ಮುಗಿಯಬೇಕು. ಪುಕ್ಕಟೆ! ಚಿಪ್ಪನ್ನು ಹೀಗೆ ಕಂಪನಿ ಕೊಟ್ಟ ವೇಗಕ್ಕಿಂತ ಜೋರಾಗಿ ಓಡಿಸೋದಕ್ಕೇ ಓವರ್‌ಕ್ಲಾಕಿಂಗ್ ಅನ್ನುತ್ತಾರೆ.

252ರ ತನಕ ಏರಿತು. 253 ಹಾಕಿದರೆ ಪರದೆ ಕಪ್ಪು. ಫ್ಯಾನ್ ತಿರುಗುತ್ತೆ, ಬೀಪ್ ಇಲ್ಲ. ಜಪ್ಪಯ್ಯ ಅಂದರೂ ಮುಂದೆ ಹೋಗಲ್ಲ. ಆಮೇಲೆ ಪ್ಲಗ್ ಕಿತ್ತು, ಹಾಕಿದ ಸೆಟ್ಟಿಂಗ್ ಅಳಿಸಿಹೋಗಲಿ ಅಂತ ಬೋರ್ಡಿನ ನಾಣ್ಯದಂಥ ಸೆಲ್ ತೆಗೆದು, ಕಾಯಬೇಕು. ನಾನು ಆ ಹೊತ್ತಿಗೆ ಒಂದು ಲೋಟ ಕಾಫಿ ಕುಡಿಯುತ್ತಿದ್ದೆ. ಸೆಲ್ ವಾಪಸ್ ಹಾಕಿ, ಬಟನ್ ಒತ್ತಿ, ಆ ಒಂದು ಪುಟ್ಟ ಬೀಪ್‌ಗಾಗಿ ಕಿವಿ ಕೊಟ್ಟು ನಿಲ್ಲುವುದು. ಬಂತಾ, ಸಮಾಧಾನ. ತಾರೀಖು ಮಾತ್ರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತಿತ್ತು. ಒಮ್ಮೆ ಅದನ್ನು ಸರಿ ಮಾಡಲು ಮರೆತು, ಮದುಮಗಳು ಶಾಲೆಗೆ ಹೋಗುತ್ತಿದ್ದ ಕಾಲದ ತಾರೀಖಿನಲ್ಲಿ ಅವಳ ಮದುವೆ ಫೈಲುಗಳೆಲ್ಲ ಸೇವ್ ಆಗಿದ್ದವು. "ಅದರ ಹೊಟ್ಟೆ ಎಷ್ಟು ಸಲ ಬಗೀತೀಯಾ ಮಗಾ" ಅಂತ ಅಮ್ಮ ದಿನಾ ಕೇಳೋರು.

ನಾನು ಬೈದದ್ದು ಪಾಪದ ಚಿಪ್‌ಗೆ. ವೋಲ್ಟೇಜ್ 1.40ರ ತನಕ ಏರಿಸಿದೆ. ಬಿಸಿ ಜಾಸ್ತಿ ಆಯಿತು, ವೇಗ ಆಗಲಿಲ್ಲ. ಮೊದಲೇ ಮಾಡಬೇಕಾದ ಪರೀಕ್ಷೆ ಹೊಳೆದದ್ದು ಎರಡನೇ ವರ್ಷದ ಆಷಾಢದಲ್ಲಿ. ಮಳೆ ಹಿಡಿದುಕೊಂಡಿತ್ತು, ಗಿರಾಕಿ ಇರಲಿಲ್ಲ. ಮಲ್ಟಿಪ್ಲೈಯರನ್ನು 12.5ರಿಂದ 6ಕ್ಕೆ ಇಳಿಸಿ ಬಸ್ 266 ಹಾಕಿದೆ. ಚಿಪ್ ಓಡಬೇಕಾದದ್ದು ಬರೀ 1.6 ಗಿಗಾಹರ್ಟ್ಸ್, ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ. ಆದರೂ ಪರದೆ ಕಪ್ಪು! ರ್‍ಯಾಮ್ ಅನುಪಾತವನ್ನು ಬಸ್ ಜೊತೆ ಒಂದಕ್ಕೊಂದು ಮಾಡಿದೆ, ಅಂದರೆ 800ರ ವೇಗದ ಡಿಡಿಆರ್2 ಮೆಮೊರಿ ಬರೀ 533ರಲ್ಲಿ. ಆಗಲೂ ಕಪ್ಪು. ಚಿಪ್ಪಿನ ವೇಗವೂ ಅಲ್ಲ, ರ್‍ಯಾಮೂ ಅಲ್ಲ. ಉಳಿದದ್ದು ಬಸ್ ಒಂದೇ.

ಆದರೆ ಬಸ್ಸಿನ ಮಿತಿ ಚಿಪ್ಪಿನದಾ, ಬೋರ್ಡಿನದಾ? ಗೆಳೆಯನ ಪಿ45 ಚಿಪ್‌ಸೆಟ್‌ನ ಬೋರ್ಡಿಗೆ ನನ್ನ ಇ5200 ಹಾಕಿದೆವು. 266ರಲ್ಲಿ ಮೊದಲ ಸಲಕ್ಕೇ ಬೂಟ್ ಆಯಿತು. ಅವನ ಇ7400 ನನ್ನ ಬೋರ್ಡಿಗೆ ಹಾಕಿದೆವು. ಅದು ಹುಟ್ಟಿನಿಂದಲೇ 266ರ ಚಿಪ್. ಅದೂ ಆರಾಮಾಗಿ ಓಡಿತು! ಅಂದರೆ ಇದೇ ಬೋರ್ಡಿಗೆ 266 ಆಗುತ್ತೆ, ನನ್ನ ಚಿಪ್ ಕೂತಾಗ ಮಾತ್ರ ಒಲ್ಲೆ ಅನ್ನುತ್ತೆ.

ಕಾರಣ ಆಮೇಲೆ ಅರ್ಥವಾಯಿತು. ನಿನ್ನ ಬಸ್ ಎಷ್ಟು ಅಂತ ಬೋರ್ಡು ಆನ್ ಆಗುವಾಗಲೇ ಚಿಪ್ಪಿನ ಹೊಟ್ಟೆ ಮೇಲಿನ ಸಂಪರ್ಕ ಚುಕ್ಕೆಗಳಿಂದ ತಿಳಿದುಕೊಳ್ಳುತ್ತೆ. 200 ಅಂತ ಗೊತ್ತಾದರೆ, ಪ್ರೊಸೆಸರಿಗೂ ಮೆಮೊರಿಗೂ ನಡುವೆ ಕೂರುವ ಬೋರ್ಡಿನ ಚಿಪ್ ಆದ ನಾರ್ತ್‌ಬ್ರಿಡ್ಜಿನ ಒಳಗಿನ ಟೈಮಿಂಗ್ 200ಕ್ಕೆ ತಕ್ಕಂತೆ ಬಿಗಿಯಾಗಿ ಕೂರುತ್ತೆ. ಇದಕ್ಕೆ ಸ್ಟ್ರ್ಯಾಪ್ ಅನ್ನುತ್ತಾರೆ. ಆಮೇಲೆ ನಾವು 253, 260 ಅಂತ ಏರಿಸಿದರೂ ಬಿಗಿ ಸಡಿಲ ಆಗಲ್ಲ. ಒಳ್ಳೆ ಬೋರ್ಡಲ್ಲಿ ಸ್ಟ್ರ್ಯಾಪ್ ಬದಲಿಸಬಹುದು. ನನ್ನದರ ಬಯಾಸಲ್ಲಿ ಆ ಸಾಲೇ ಇಲ್ಲ. ಕಂಪನಿ ಹೆಸರು ಬೇಡ ಬಿಡಿ, ಡಬ್ಬದ ಮೇಲೆ ಬೆಂಕಿ ಚಿತ್ರ ಹಾಕಿ 'ಓವರ್‌ಕ್ಲಾಕಿಂಗ್' ಅಂತ ದಪ್ಪಗೆ ಬರೆದಿದ್ದರು. ಚಿಪ್ಪಿನ ಹೊಟ್ಟೆ ಮೇಲಿನ ಒಂದು ಚುಕ್ಕೆಯನ್ನು ಪಕ್ಕದ ಗ್ರೌಂಡ್ ಚುಕ್ಕೆಗೆ ವಿದ್ಯುತ್ ಹರಿಯುವ ಬಣ್ಣದಿಂದ ಜೋಡಿಸಿ ಬೋರ್ಡನ್ನೇ ಏಮಾರಿಸುವವರೂ ಇದ್ದಾರೆ. ನನಗೆ ಸೂಜಿಗೆ ದಾರ ಪೋಣಿಸಲೂ ಕೈ ನಡುಗುತ್ತೆ. ಬೇಡ ಅಂದೆ.

ನಾರ್ತ್‌ಬ್ರಿಡ್ಜಿನ ಪುಟ್ಟ ಹೀಟ್‌ಸಿಂಕ್ ಮುಟ್ಟಿದರೆ ಬೆರಳು ಸುಡುತ್ತಿತ್ತು. ಸಣ್ಣ ಫ್ಯಾನ್ ಒಂದನ್ನು ಅದರ ಮೇಲೆ ದಾರದಲ್ಲಿ ಕಟ್ಟಿದೆ. 255 ಬಂತು. ಅಷ್ಟು ರಗಳೆಗೆ ಬರೀ ಮೂರು!

ಇಲ್ಲಿಂದಲೇ ನನಗೂ ಅದಕ್ಕೂ ರಾಜಿಯಾದದ್ದು. ಒಂದು ಸಂಜೆ ಪೆನ್ನು ಹಿಡಿದು ಕೂತೆ. ಬಸ್ 240 ಇಟ್ಟರೆ, ಇಂಟು 12.5, ಸರಿಯಾಗಿ 3 ಗಿಗಾಹರ್ಟ್ಸ್. ರ್‍ಯಾಮನ್ನು 800ರಲ್ಲೇ ಬಿಟ್ಟರೆ ಅದು ಬಸ್ ಜೊತೆ 960ಕ್ಕೆ ಏರುತ್ತೆ. ಆದರೆ ಬಯಾಸಲ್ಲಿ 667 ಅಂತ ಆರಿಸಿದರೆ, 240ರಲ್ಲಿ ಅದು ಸರಿಯಾಗಿ 800ಕ್ಕೆ ಬಂದು ನಿಲ್ಲುತ್ತೆ. ಎರಡೂ ಕಡೆ ಲೆಕ್ಕ ಒಂಚೂರೂ ಉಳಿಯಲ್ಲ! ಬೇರೆ ಕಾರ್ಡ್ ಸಿಕ್ಕಿಸುವ ಸ್ಲಾಟ್‌ಗಳ ವೇಗವೂ ಬಸ್ ಜೊತೆ ಏರದಂತೆ ಪಿಸಿಐ 33, ಪಿಸಿಐ ಎಕ್ಸ್‌ಪ್ರೆಸ್ 100 ಅಂತ ಲಾಕ್ ಮಾಡಿದೆ. ಲಾಕ್ ಇಲ್ಲದಿದ್ದಾಗ ಟೇಪಿನಿಂದ ವಿಡಿಯೋ ಇಳಿಸುವ ಫೈರ್‌ವೈರ್ ಕಾರ್ಡ್ ನಡುನಡುವೆ ಫ್ರೇಮ್ ನುಂಗುತ್ತಿತ್ತು. ಒಂದು ತಾಳಿ ಕಟ್ಟುವ ಶಾಟ್ ಹಾಗೇ ಹೋಗಿ, ಬೈಸಿಕೊಂಡಿದ್ದೇನೆ.

ಚಿಪ್ಪಿನ ವೋಲ್ಟೇಜ್ ಏರಿಸಲೇ ಇಲ್ಲ. ಮೂರು ಗಂಟೆ ಎರಡೂವರೆಗೆ ಬಂತು. ಊಟ ಮಾಡಿ ರೆಂಡರ್‌ಗೆ ಹಾಕಿದರೆ ನಾನು ಮಲಗುವಷ್ಟರಲ್ಲಿ ಡಿವಿಡಿ ರೆಡಿ.

ಈಗ ವಿಡಿಯೋ ಕೆಲಸಕ್ಕೆ ಬೇರೆ ಕಂಪ್ಯೂಟರ್ ಇದೆ. ಇದರಲ್ಲಿ ಲಗ್ನಪತ್ರಿಕೆ ಮಾತ್ರ. ಮಳೆಗಾಲದ ಬೆಳಿಗ್ಗೆ ಪಕ್ಕದ ಮುಚ್ಚಳ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಇರುವೆ ಗೂಡು ಕಟ್ಟಿದೆಯಾ ನೋಡಿ, ಆಮೇಲೆ ಸ್ವಿಚ್. ಮೂರು ದಿನ ಬಿಟ್ಟರೆ ಫಂಗಸ್ ವಾಸನೆ ಬರುತ್ತೆ, ಅದಕ್ಕೆ ಕೆಲಸ ಇಲ್ಲದಿದ್ದರೂ ದಿನಾ ಸಂಜೆ ಒಂದು ಗಂಟೆ ಓಡಿಸುತ್ತೇನೆ. ಒಳಗಿನ ಬಿಸಿಗೇ ತೇವ ಆರುತ್ತೆ.

ಚಿಪ್ಪಿಗೆ ಐದಕ್ಕೆ ನಾಲ್ಕೂವರೆ. ಬೋರ್ಡಿಗೆ ಎರಡು, ಅದೂ ಇನ್ನೂ ಕೆಡದೆ ಇರೋದಕ್ಕೆ. ಸೆಲ್ ನಾಲ್ಕನೆಯದು. ಗೆಳೆಯ ಅವನ ಪಿ45 ಬೋರ್ಡು ಸುಮ್ನೆ ಬಿದ್ದಿದೆ, ತಗೊಂಡು ಹೋಗು ಅಂತ ಹೋದ ವಾರವೂ ಹೇಳಿದ. ದೀಪಾವಳಿ ಕಳೀಲಿ ನೋಡೋಣ ಅಂದಿದ್ದೇನೆ.